ಆಜ್ಞೆ ಮೀರಿದ ಸೇನಾನಿ, ಬೇಲಿ ದಾಟದ ಜಮೀನ್ದಾರ

ಪ್ರಷ್ಯಾದ ಸೇನಾನಿ ಲುಡ್ವಿಗ್ ಯೋರ್ಕ್ ಇತಿಹಾಸದ ಮುಂದೆ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು. 1812ರ ಡಿಸೆಂಬರ್ 30ರಂದು ದೊರೆಯ ಅಪ್ಪಣೆ ಇಲ್ಲದೆ ರಷ್ಯನ್ನರೊಂದಿಗೆ ಒಪ್ಪಂದ ಮಾಡಿಕೊಂಡದ್ದು ಸರಿಯೇ? ಆ ಒಪ್ಪಂದದಿಂದ ಎದ್ದು ನಿಂತ ಜನರಿಗೆ ಸಲ್ಲಬೇಕಿದ್ದ ಹಕ್ಕನ್ನು ಒಪ್ಪದೆ ಹೋದದ್ದು ಸರಿಯೇ? ಮೊದಲನೆಯದಕ್ಕೆ ಅವನನ್ನು ಧೀರನೆಂದೇ ಕರೆಯಬೇಕು. ಎರಡನೆಯದಕ್ಕೆ ಕ್ಷಮೆ ಇಲ್ಲ. ಬರ್ಲಿನ್ನಿನಲ್ಲಿ ಶಿಲ್ಪಿ ರೌಖ್ ರೂಪಿಸಿದ ಅವನ ಕಂಚಿನ ಪ್ರತಿಮೆಯ ಮುಂದೆ ನಿಂತವರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಮೊದಲ ಪ್ರಶ್ನೆಯನ್ನಷ್ಟೇ ಕೇಳಿಕೊಂಡು ಬಂದಿದ್ದಾರೆ.

ಯೋರ್ಕ್ ಹುಟ್ಟಿದ್ದು 1759ರಲ್ಲಿ, ಪಾಟ್ಸ್‌ಡಾಮ್‌ನಲ್ಲಿ. ಇಪ್ಪತ್ತು ವರ್ಷ ತುಂಬುವ ಹೊತ್ತಿಗೇ ಶಿಸ್ತು ಮೀರಿದ ಆರೋಪ ಹೊತ್ತ. ಬವೇರಿಯಾ ಉತ್ತರಾಧಿಕಾರದ ಯುದ್ಧದಲ್ಲಿ ಮೇಲಧಿಕಾರಿಯೊಬ್ಬ ಚರ್ಚಿನ ಪೂಜಾವಸ್ತ್ರ ದೋಚಿದ್ದ. ಅಂಥವನಿಗೆ ಗೌರವ ಸಲ್ಲಿಸಲಾರೆನೆಂದು ಈ ತರುಣ ಎಲ್ಲರೆದುರು ತೋರಿಸಿಕೊಟ್ಟ. ಲೂಟಿ ಮಾಡಿದವನ ಮಾನ ಉಳಿಯಿತು. ಯೋರ್ಕ್ ಕೋಟೆಯಲ್ಲಿ ಸೆರೆವಾಸ ಅನುಭವಿಸಿ ಸೇನೆಯಿಂದ ಹೊರಬಿದ್ದ. ಬಳಿಕ ಡಚ್ಚರ ಸಂಬಳಕ್ಕೆ ಸೇರಿ, ಸ್ವಿಸ್ ದಳವಾದ ಮ್ಯೂರಾನ್ ರೆಜಿಮೆಂಟಿನ ಕ್ಯಾಪ್ಟನ್ ಆಗಿ ಕೇಪ್ ಮತ್ತು ಸಿಂಹಳ ಕಂಡುಬಂದ. ಅವನು ಬಿಟ್ಟುಹೋದ ಎಷ್ಟೋ ವರ್ಷಗಳ ನಂತರ ಇಂಗ್ಲಿಷರ ಕೈಗೆ ಹೋದ ಇದೇ ರೆಜಿಮೆಂಟ್ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿತ್ತು. ದೊರೆ ಮಹಾ ಫ್ರೆಡರಿಕ್ ಬದುಕಿರುವ ತನಕ ಯೋರ್ಕ್‌ಗೆ ಪ್ರಷ್ಯಾದ ಸೇನೆಯ ಬಾಗಿಲು ತೆರೆಯಲಿಲ್ಲ.

1806ರಲ್ಲಿ ಯೇನಾದಲ್ಲಿ ಪ್ರಷ್ಯಾ ಮಣ್ಣು ಮುಕ್ಕಿದಾಗ ಹಿಂದೆ ಸರಿಯುತ್ತಿದ್ದ ಸೈನ್ಯವನ್ನು ಆಲ್ಟೆನ್‌ಸೌನ್ ಬಳಿ ಎಲ್ಬೆ ದಾಟಿಸಲು ಫ್ರೆಂಚರನ್ನು ತಡೆದು ನಿಂತವನು ಇವನೇ. ಹಗುರ ಕಾಲಾಳುಗಳಿಗೆ ಚದುರಿ ಹೋರಾಡುವುದನ್ನು ಕಲಿಸಿದವರಲ್ಲಿ ಅವನು ಮೊದಲ ಸಾಲಿನವ. ದಂಡು ನಡೆಸುವುದರಲ್ಲಿ ಹೊಸ ಕಾಲವನ್ನು ಒಪ್ಪಿಕೊಂಡ ಇದೇ ಮನುಷ್ಯ ನಾಡು ನಡೆಸುವುದರಲ್ಲಿ ಹಳೆಯದೇ ಇರಲಿ ಎಂದು ಪಟ್ಟು ಹಿಡಿದ. 1807ರ ಅಕ್ಟೋಬರ್ ಶಾಸನ ರೈತರ ಜೀತವನ್ನು ರದ್ದುಮಾಡಿದಾಗ ಅವನು ಕೆರಳಿದ. ನಮ್ಮ ಹಕ್ಕು ಕಿತ್ತುಕೊಂಡರೆ ನಿಮ್ಮ ಹಕ್ಕು ಯಾವುದರ ಮೇಲೆ ನಿಂತೀತು ಎಂದು ರಾಜಕುಮಾರನನ್ನೇ ಕೇಳಿದ. ಸುಧಾರಣೆಗಳ ಮುಂದಾಳು ಸ್ಟೈನ್‌ನನ್ನು 1808ರಲ್ಲಿ ನೆಪೋಲಿಯನ್ನನ ಒತ್ತಡದಿಂದ ತೆಗೆದುಹಾಕಿದಾಗ ಯೋರ್ಕ್ ಹಿಗ್ಗಿದ. ಪರದೇಶದ ಆಕ್ರಮಣಕಾರ ತನ್ನ ನಾಡಿನ ಮಂತ್ರಿಯನ್ನು ಓಡಿಸಿದ್ದನ್ನು ಕಂಡು ಹಿಗ್ಗಿದವನನ್ನು ದೇಶಭಕ್ತ ಎನ್ನುವಾಗ ಈ ಸಂಗತಿಯನ್ನು ಮರೆಮಾಚುವುದು ಅನ್ಯಾಯ.

ಇನ್ನು ಡಿಸೆಂಬರ್ 30ರ ಆ ಒಪ್ಪಂದ, ಅಂದರೆ ಟೌರೊಗ್ಗೆನ್. 1812ರ ಫೆಬ್ರುವರಿಯ ಒಪ್ಪಂದದಂತೆ ಪ್ರಷ್ಯಾ ಸುಮಾರು 20,000 ಸೈನಿಕರನ್ನು ನೆಪೋಲಿಯನ್ನನಿಗೆ ಕೊಡಬೇಕಾಯಿತು. ಅದನ್ನು ಸಹಿಸದ ಕ್ಲೌಸೆವಿಟ್ಸ್‌ನಂಥ ಪ್ರಷ್ಯಾದ ಅಧಿಕಾರಿಗಳು ರಷ್ಯದ ಸೇವೆಗೆ ಹೋದರು, ಯೋರ್ಕ್ ಉಳಿದ. ರಷ್ಯದ ಹಿಮದಲ್ಲಿ ನೆಪೋಲಿಯನ್ನನ ಮಹಾಸೇನೆ ಕರಗಿಹೋದಾಗ ರೀಗಾ ಕಡೆಯಿಂದ ಹಿಂದಿರುಗುತ್ತಿದ್ದ ಅವನ ದಳ ಫ್ರೆಂಚ್ ಮಾರ್ಷಲ್ ಮ್ಯಾಕ್‌ಡೊನಾಲ್ಡ್‌ನಿಂದ ಬೇರ್ಪಟ್ಟಿತು. ದಾರಿಗೆ ಅಡ್ಡ ನಿಂತ ರಷ್ಯನ್ ಸೇನಾನಿ ಡೀಬಿಚ್‌ನ ಪರವಾಗಿ ಮಾತಿಗೆ ಬಂದವನು ಅದೇ ಕ್ಲೌಸೆವಿಟ್ಸ್. ಪೊಶೆರುನ್ ಗಿರಣಿಯಲ್ಲಿ ಸಹಿ ಬಿತ್ತು. ಪ್ರಷ್ಯಾದ ದಳ ತಟಸ್ಥವಾಯಿತು. ದೊರೆ ಫ್ರೆಂಚರ ಜೊತೆಗೇ ಇರೆಂದರೂ 1813ರ ಮಾರ್ಚ್ 1ರವರೆಗೆ ಅದು ರಷ್ಯದ ಮೇಲೆ ಆಯುಧ ಎತ್ತುವಂತಿರಲಿಲ್ಲ.

ಸೈನ್ಯದ ಬಲ ಕೈಯಲ್ಲಿರುವವನು ಪ್ರಭುತ್ವದ ಪರವಾಗಿ ತಾನೇ ತೀರ್ಮಾನ ಮಾಡುವುದು ಅತಿ ಅಪಾಯದ ಕೆಲಸ. ಹಾಗೆ ಮಾಡಿದ ಹೆಚ್ಚಿನವರು ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಯೋರ್ಕ್ ಹಾಗೆ ಮಾಡಲಿಲ್ಲ. ದೊರೆಗೆ ಪತ್ರ ಬರೆದು ತನ್ನ ತಲೆಯನ್ನು ಒಪ್ಪಿಸಿದ; ತಪ್ಪೆನಿಸಿದರೆ ರಣರಂಗದಲ್ಲಿ ನಿಂತಷ್ಟೇ ಶಾಂತವಾಗಿ ಮರಣದಂಡನೆಯ ಗುಂಡಿಗೆ ಎದೆಯೊಡ್ಡುವೆನೆಂದ. ಹೊಣೆಯನ್ನು ಕೈಕೆಳಗಿನವರ ಮೇಲೆ ಹೊರಿಸಲಿಲ್ಲ, ಸಂದರ್ಭದ ಮೇಲೂ ಹೊರಿಸಲಿಲ್ಲ. ಅವನ ಪರವಾಗಿ ನಾವು ಕೊಡುವ ತೀರ್ಪಿಗೆ ಆಧಾರ ಇದು. ಒಪ್ಪಂದ ಫಲ ಕೊಟ್ಟಿತೆಂಬುದು ಆಧಾರವಲ್ಲ. ಫಲ ಕೊಡದಿದ್ದರೂ ಅದು ಸರಿಯೇ ಆಗಿರುತ್ತಿತ್ತು. ಖಂಡನೆಗೆ ಅರ್ಹನಾದವನು ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ. ತಿಂಗಳುಗಟ್ಟಲೆ ಸೇನಾನಿಗೆ ಸ್ಪಷ್ಟ ಆದೇಶ ಕೊಡಲಿಲ್ಲ. ಸುದ್ದಿ ಮುಟ್ಟಿದೊಡನೆ ಒಪ್ಪಂದವನ್ನು ತಳ್ಳಿಹಾಕಿ ಅವನನ್ನು ವಜಾ ಮಾಡಿದ. ಆ ಆದೇಶ ಹೊತ್ತವನನ್ನು ರಷ್ಯನ್ನರು ದಾರಿಯಲ್ಲೇ ತಡೆದರು. ಮಾರ್ಚ್ 17ರಂದು ಯೋರ್ಕ್ ಬರ್ಲಿನ್ ಹೊಕ್ಕಾಗ ಇದೇ ದೊರೆ ‘ನನ್ನ ಪ್ರಜೆಗಳಿಗೆ’ ಎಂದು ಕರೆ ಹೊರಡಿಸಿದ.

ಪ್ರಜೆಗಳು ಬಂದರು. ಅದಕ್ಕೂ ಮೊದಲೇ, ಫೆಬ್ರುವರಿಯಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿ ಸೇರಿದ ಪೂರ್ವ ಪ್ರಷ್ಯಾದ ಪ್ರಾತಿನಿಧಿಕ ಸಭೆ ಯೋರ್ಕ್‌ನ ಕೋರಿಕೆಯಂತೆ 20,000 ಜನರ ನಾಡಪಡೆ ಕಟ್ಟಲು ಒಪ್ಪಿತ್ತು. ಆ ಪಡೆಗೆ ಸೇರಿದವರಲ್ಲಿ ಬಹುಪಾಲು ಹಳ್ಳಿಗರು. ವಾರ್ಟೆನ್‌ಬರ್ಗ್‌ನಲ್ಲಿ ಎಲ್ಬೆ ದಾಟಿ ಗೆದ್ದಾಗ, ಅಕ್ಟೋಬರ್ 16ರಂದು ಲೈಪ್ಸಿಗ್ ಬಳಿಯ ಮೋಕರ್ನ್ ಹಳ್ಳಿಯನ್ನು ಫ್ರೆಂಚ್ ಮಾರ್ಷಲ್ ಮಾರ್ಮೊಂಟ್‌ನ ಕೈಯಿಂದ ಮನೆಮನೆ ಹೋರಾಡಿ ಕಿತ್ತುಕೊಂಡಾಗ ಯೋರ್ಕ್‌ನ ದಳದಲ್ಲಿ ಅಂಥ ಹಳ್ಳಿಗರೂ ಇದ್ದರು. ಮೋಕರ್ನ್‌ನಲ್ಲಿ ಒಂದೇ ದಿನ ದಳದ ಮೂರರಲ್ಲೊಂದು ಪಾಲು ಸತ್ತು, ಗಾಯಗೊಂಡು ಮುಗಿಯಿತು.

ಉಳಿದು ಊರಿಗೆ ಮರಳಿದವರಿಗೆ ಸಿಕ್ಕಿದ್ದೇನು? ಜೀತದ ಋಣ ತೀರಿಸಿಕೊಳ್ಳಲು ಉತ್ತ ನೆಲದ ಮೂರನೇ ಒಂದು ಪಾಲನ್ನೋ ಅರ್ಧವನ್ನೋ ಒಡೆಯನಿಗೆ ಬಿಟ್ಟುಕೊಡಬೇಕೆಂದು 1811ರ ಶಾಸನ ಹೇಳಿತ್ತು. 1816ರ ಘೋಷಣೆ ಸಣ್ಣ ಹಿಡುವಳಿದಾರರಿಗೆ ಆ ದಾರಿಯನ್ನೂ ಮುಚ್ಚಿತು. 1815ರ ಮೇ ತಿಂಗಳಲ್ಲಿ ಪ್ರಜಾಪ್ರತಿನಿಧಿ ಸಭೆ ಮತ್ತು ಸಂವಿಧಾನ ಕೊಡುವೆನೆಂದ ದೊರೆ ಮಾತು ಉಳಿಸಿಕೊಳ್ಳಲಿಲ್ಲ. ಯೋರ್ಕ್‌ಗೆ ‘ವಾರ್ಟೆನ್‌ಬರ್ಗ್‌ನ ಕೌಂಟ್’ ಬಿರುದು ಬಂತು, ಸೈಲೀಸಿಯಾದ ಕ್ಲೈನ್ ಓಲ್ಸ್ ಎಸ್ಟೇಟು ಬಂತು, 1821ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. ಫ್ರೆಂಚ್ ಚಕ್ರವರ್ತಿಗಾಗಿ ತನ್ನ ದಳ ಸಾಯಬಾರದೆಂದು ದೊರೆಯನ್ನು ಧಿಕ್ಕರಿಸಿದವನು ತನ್ನ ಸೈನಿಕರ ಹೊಲಕ್ಕಾಗಿ ದೊರೆಯನ್ನು ಎದುರಿಸಲಿಲ್ಲ. ಅವನ ಧೈರ್ಯ ಅವನ ವರ್ಗದ ಹಿತ ಎಲ್ಲಿ ಶುರುವಾಗುತ್ತಿತ್ತೋ ಅಲ್ಲಿಗೆ ನಿಂತಿತು. 1830ರಲ್ಲಿ ಅದೇ ಎಸ್ಟೇಟಿನಲ್ಲಿ ತೀರಿಕೊಂಡ.

ಅವನ ಹೆಸರನ್ನು ಬೇಕಾದವರೆಲ್ಲ ಬಳಸಿಕೊಂಡಿದ್ದಾರೆ. 1931ರಲ್ಲಿ ಜರ್ಮನ್ ರಾಷ್ಟ್ರವಾದಿಗಳು ಅವನ ಮೇಲಿನ ಚಲನಚಿತ್ರವನ್ನು ಕೊಂಡಾಡಿದರು. ಮುಂದೆ ಪೂರ್ವ ಜರ್ಮನಿ ಟೌರೊಗ್ಗೆನ್ನನ್ನು ರಷ್ಯದ ಸ್ನೇಹಕ್ಕೆ ಮಾದರಿ ಎಂದಿತು. ಇಬ್ಬರೂ ರೈತನ ಪ್ರಶ್ನೆಯನ್ನು ಬಿಟ್ಟುಬಿಟ್ಟರು. ಆ ವಂಶದಲ್ಲಿ ಅಧಿಕಾರದ ಎದುರು ಮನುಷ್ಯನ ಹಕ್ಕಿನ ಮಾತಾಡಿದವನು ಯೋರ್ಕ್‌ನ ಮರಿಮಗನ ಮಗ ಪೀಟರ್, ಕ್ಲೈನ್ ಓಲ್ಸ್‌ನಲ್ಲೇ ಹುಟ್ಟಿದವನು. ಹಿಟ್ಲರನ ವಿರುದ್ಧದ ಜುಲೈ 20ರ ಸಂಚಿನಲ್ಲಿ ಪಾಲುಗೊಂಡು ಸಿಕ್ಕಿಬಿದ್ದ ಅವನು, ಪ್ರಜೆಯ ಮೇಲೆ ಪ್ರಭುತ್ವ ಸಾಧಿಸುವ ಸಂಪೂರ್ಣ ಹಕ್ಕನ್ನೇ ತಾನು ಒಪ್ಪುವುದಿಲ್ಲವೆಂದು ನ್ಯಾಯಾಧೀಶ ಫ್ರೈಸ್ಲರನ ಮುಖಕ್ಕೇ ಹೇಳಿದ. 1944ರ ಆಗಸ್ಟ್ 8ರಂದು ಅವನನ್ನು ಪ್ಲೋಟ್ಸೆನ್‌ಸೇ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.