ಬೆಂಕಿ ಶತ್ರುವಷ್ಟೇ ಅಲ್ಲ

ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಇಡುವುದನ್ನು ಶೇಡಬಾಳದಲ್ಲಿ ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಅದರಿಂದ ಮಣ್ಣಿಗಾಗುವ ಹಾನಿ ಬೇರೆಯೇ ಮಾತು. ಆದರೆ ಕಡ್ಡಿ ಗೀರುವ ಮುನ್ನ ರೈತ ಗಾಳಿಯ ದಿಕ್ಕು ನೋಡುತ್ತಾನೆ. ಪಕ್ಕದ ಹೊಲಕ್ಕೆ ಹಬ್ಬದಂತೆ ಅಂಚು ಸವರುತ್ತಾನೆ. ಬೆಂಕಿ ಯಾವಾಗ, ಎಷ್ಟು ಎಂಬ ಈ ವಿವೇಚನೆ ನಮ್ಮ ಅರಣ್ಯ ನೀತಿಯಲ್ಲಿ ಕಾಣುವುದು ಅಪರೂಪ.

ಮರ, ಹುಲ್ಲು ಎರಡೂ ಕೂಡಿ ಬೆಳೆಯುವ ಸವನ್ನಾ ಪ್ರದೇಶಗಳ ಗಣಿತ ಮಾದರಿಗಳು ಇದನ್ನೇ ಲೆಕ್ಕದ ಭಾಷೆಯಲ್ಲಿ ಹೇಳುತ್ತವೆ. ಒಣಹುಲ್ಲು ಉರಿದಾಗ ಎಳೆಯ ಸಸಿಗಳು ಸುಡುತ್ತವೆ. ಹುಲ್ಲು ಮಾತ್ರ ಬೇರಿನಿಂದ ಮತ್ತೆ ಚಿಗುರುತ್ತದೆ. ಮರಗಳ ನೆರಳು ಸುಮಾರು ಶೇ 40ನ್ನು ದಾಟಿದರೆ ಹುಲ್ಲು ಕ್ಷೀಣಿಸಿ, ಬೆಂಕಿ ಹರಡುವುದೇ ಕಷ್ಟವಾಗುತ್ತದೆ. ಹೀಗಾಗಿ ಒಂದೇ ಪ್ರಮಾಣದ ಮಳೆ ಬೀಳುವಲ್ಲಿ ಒಂದೆಡೆ ಸವನ್ನಾ, ಇನ್ನೊಂದೆಡೆ ದಟ್ಟ ಕಾಡು ನಿಲ್ಲಬಹುದು. ಆಫ್ರಿಕಾದ ಸವನ್ನಾಗಳ ಬಗ್ಗೆ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಹೆಚ್ಚು ಮಳೆಯಾಗುವಲ್ಲಿ ಹುಲ್ಲು ಉಳಿಯಲು ಬೆಂಕಿ ಅಥವಾ ಮೇಯುವ ಪ್ರಾಣಿಗಳು ಬೇಕು.

ಇದು ದೂರದ ಖಂಡದ ಕಥೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲಮಟ್ಟದ ‘ತರಗು ಬೆಂಕಿ’ ಹಚ್ಚುತ್ತಿದ್ದರು. ಅದರಿಂದ ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿ ಮರಕ್ಕೆ ಬಂದಳಿಕೆಯ ಕಾಟ ತಗ್ಗುತ್ತದೆ ಎಂಬುದು ಅವರ ಅನುಭವ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಈ ಪದ್ಧತಿಗೆ ತಡೆ ಬಿತ್ತು. ಲಂಟಾನ ಹಬ್ಬಿತು, 1997ರಿಂದ 2008ರ ನಡುವೆ ಅದರ ಹರವು ಸುಮಾರು ಇಮ್ಮಡಿಯಾದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬೆಂಕಿ ನಿಂತದ್ದೇ ಇದಕ್ಕೆ ಮುಖ್ಯ ಕಾರಣವೆಂದು ಸೋಲಿಗರು ಹೇಳುತ್ತಾರೆ.

ಹಾಗೆಂದು ನಾಳೆಯೇ ಬೆಂಕಿ ಹಚ್ಚಿದರೆ ಹಳೆಯ ಕಾಡು ಮರಳುವುದಿಲ್ಲ. ಒಮ್ಮೆ ಮಿತಿ ದಾಟಿದ ವ್ಯವಸ್ಥೆ ಬಂದ ದಾರಿಯಲ್ಲೇ ಹಿಂದಿರುಗದು ಎಂಬುದು ಆ ಮಾದರಿಗಳ ಇನ್ನೊಂದು ಎಚ್ಚರಿಕೆ. ಲಂಟಾನದ ಪೊದೆಗೆ ತಗುಲಿದ ಕಿಚ್ಚು ತರಗು ಬೆಂಕಿಯಂತೆ ನೆಲದಲ್ಲೇ ಉಳಿಯದೆ ಮರದ ತುದಿಗೇರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದನ್ನು ಕಂಡವರಿಗೆ ಕಾಳ್ಗಿಚ್ಚಿನ ಭಯವನ್ನು ವಿವರಿಸಬೇಕಿಲ್ಲ.

ಆದ್ದರಿಂದ ಮೊದಲು ಲಂಟಾನ ತೆರವಾಗಬೇಕು. ಬಳಿಕ ಸಣ್ಣ ತುಂಡುಗಳಲ್ಲಿ, ಸಕಾಲದಲ್ಲಿ, ನಿಗಾದಲ್ಲಿ ಬೆಂಕಿಯ ಪ್ರಯೋಗ ನಡೆಯಬೇಕು. ಲೆಕ್ಕ ವಿಜ್ಞಾನಿಗಳದ್ದಿರಲಿ, ಕಾಲ ಮತ್ತು ಜಾಗದ ಅರಿವು ಸೋಲಿಗರದ್ದು. 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ನೀಡಿದ ಸರ್ಕಾರ, ಬೆಂಕಿಯ ವಿಷಯದಲ್ಲಿ ಅವರ ಮಾತಿಗೂ ಮನ್ನಣೆ ನೀಡಬೇಡವೇ?