ನಾಲ್ಕು ಸ್ಲಾಟ್ ತುಂಬಿಸಿದರೆ ಕಂಪ್ಯೂಟರ್ ವೇಗ ನಾಲ್ಕು ಪಟ್ಟು ಆಗುತ್ತದೆಯೇ?

"ನಿಮ್ಮ ಕಂಪ್ಯೂಟರ್ ನಿಧಾನವಾಗಿದೆಯೇ? ಖಾಲಿ ಇರುವ ಸ್ಲಾಟ್‌ಗಳಿಗೆಲ್ಲ ರ‍್ಯಾಮ್ ಹಾಕಿಸಿ, ವೇಗ ಎರಡು ಪಟ್ಟು, ನಾಲ್ಕು ಪಟ್ಟು ಆಗುತ್ತದೆ." ಇಂಥ ಸಲಹೆ ವಾಟ್ಸಾಪ್‌ನಲ್ಲೂ ಅಂಗಡಿಯಲ್ಲೂ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ಸತ್ಯವೂ ಇದೆ, ಬಹಳಷ್ಟು ತಪ್ಪು ತಿಳಿವಳಿಕೆಯೂ ಇದೆ. ಹಣ ಕೊಡುವ ಮೊದಲು ಎರಡನ್ನೂ ಬೇರೆ ಮಾಡಿ ನೋಡೋಣ.

ಸ್ಲಾಟ್ ಬೇರೆ, ಚಾನೆಲ್ ಬೇರೆ

ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಮಾಹಿತಿ ಓಡಾಡುವ ದಾರಿಗೆ ಚಾನೆಲ್ ಎನ್ನುತ್ತಾರೆ. ಮನೆ, ಕಚೇರಿಗಳಲ್ಲಿರುವ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇಂಥ ಚಾನೆಲ್‌ಗಳು ಎರಡೇ. ಮದರ್‌ಬೋರ್ಡ್ ಮೇಲೆ ನಾಲ್ಕು ಸ್ಲಾಟ್ ಇದ್ದರೂ, ಒಂದೊಂದು ಚಾನೆಲ್‌ಗೆ ಎರಡೆರಡು ಸ್ಲಾಟ್ ಹಂಚಿರುತ್ತಾರೆ. ಹಾಗಾಗಿ ನಾಲ್ಕೂ ಸ್ಲಾಟ್ ತುಂಬಿಸಿದರೆ ದಾರಿ ನಾಲ್ಕಾಗುವುದಿಲ್ಲ.

ತಾರಸಿಯ ಮೇಲೆ ಇನ್ನೊಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟು ಅದೇ ಪೈಪಿಗೆ ಜೋಡಿಸಿದಂತೆ ಇದು. ನೀರು ಹೆಚ್ಚು ಹೊತ್ತು ಬರುತ್ತದೆ, ಆದರೆ ನಲ್ಲಿಯ ಧಾರೆ ದಪ್ಪವಾಗುವುದಿಲ್ಲ. ನಿಜವಾಗಿ ನಾಲ್ಕು ಚಾನೆಲ್ ಇರುವುದು ಎಎಂಡಿ ಥ್ರೆಡ್‌ರಿಪ್ಪರ್‌ನಂಥ ದುಬಾರಿ ಯಂತ್ರಗಳಲ್ಲಿ. 2008ರಲ್ಲಿ ಬಂದ ಇಂಟೆಲ್‌ನ ಮೊದಲ ಕೋರ್ ಐ7 ಪ್ರೊಸೆಸರ್‌ಗಳಲ್ಲಿ ಮೂರು ಚಾನೆಲ್ ಇದ್ದವು.

ಹಾಗಾದರೆ "ಎರಡು ಪಟ್ಟು" ಎಂಬ ಮಾತು ಎಲ್ಲಿಂದ ಬಂತು?

ಒಂದೇ ರ‍್ಯಾಮ್ ಇರುವ ಕಂಪ್ಯೂಟರ್‌ಗೆ ಎರಡನೆಯದನ್ನು ಹಾಕಿದಾಗ ಎರಡನೇ ಚಾನೆಲ್ ಕೆಲಸ ಆರಂಭಿಸುತ್ತದೆ. 3200 ವೇಗದ ಒಂದು ಡಿಡಿಆರ್4 ರ‍್ಯಾಮ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿ ಸಾಗಿಸಬಲ್ಲದು. ಎರಡು ಚಾನೆಲ್ ಸೇರಿದರೆ 51.2 ಜಿಬಿ. ಇಲ್ಲಿ ದಾರಿ ನಿಜಕ್ಕೂ ಇಮ್ಮಡಿಯಾಗುತ್ತದೆ.

ಆದರೆ ಇಮ್ಮಡಿಯಾಗುವುದು ದಾರಿ ಮಾತ್ರ, ಇಡೀ ಕಂಪ್ಯೂಟರ್‌ನ ವೇಗವಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಗೇಮ್ ಆಡುವವರಿಗೆ ಲಾಭ ಚೆನ್ನಾಗಿಯೇ ಕಾಣುತ್ತದೆ. ಟೈಪಿಂಗ್, ಲೆಕ್ಕಪತ್ರ, ಬ್ರೌಸಿಂಗ್ ಮಾಡುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ.

ಎರಡು ಇದ್ದಲ್ಲಿ ಇನ್ನೆರಡು ಹಾಕಿದರೆ?

ಜಾಗ ಹೆಚ್ಚುತ್ತದೆ, ವೇಗ ಕಡಿಮೆಯೂ ಆಗಬಹುದು! ಒಂದೇ ಚಾನೆಲ್ ಮೇಲೆ ಎರಡು ರ‍್ಯಾಮ್ ಕೂತಾಗ ವಿದ್ಯುತ್ ಸಂಕೇತಗಳನ್ನು ಸ್ಪಷ್ಟವಾಗಿ ಕಳಿಸುವುದು ಪ್ರೊಸೆಸರ್‌ಗೆ ಕಷ್ಟವಾಗುತ್ತದೆ. ಡಿಡಿಆರ್5 ಯಂತ್ರಗಳಲ್ಲಿ ಈ ತೊಂದರೆ ಹೆಚ್ಚು. ಎಎಂಡಿಯ ರೈಜನ್ 7000 ಸರಣಿಯನ್ನೇ ನೋಡಿ. ಎರಡು ರ‍್ಯಾಮ್‌ಗೆ ಕಂಪನಿ ಅಧಿಕೃತವಾಗಿ ಹೇಳಿರುವ ವೇಗ 5200, ನಾಲ್ಕು ಹಾಕಿದರೆ 3600. ದುಡ್ಡು ಕೊಟ್ಟು ವೇಗ ಕಳೆದುಕೊಂಡಂತೆ. ಆದ್ದರಿಂದ ಹೊಸ ಯಂತ್ರಕ್ಕೆ 32 ಜಿಬಿ ಬೇಕಿದ್ದರೆ 8 ಜಿಬಿಯ ನಾಲ್ಕಕ್ಕಿಂತ 16 ಜಿಬಿಯ ಎರಡು ಕೊಳ್ಳುವುದು ಜಾಣತನ.

ಬೇರೆ ಬೇರೆ ಕಂಪನಿಯ ರ‍್ಯಾಮ್ ಹಾಕಿದರೆ ಮದರ್‌ಬೋರ್ಡ್ ಸುಟ್ಟುಹೋಗುತ್ತದೆಯೇ?

ಇಲ್ಲ. ಒಂದೇ ತಲೆಮಾರಿನ ರ‍್ಯಾಮ್‌ಗಳಾದರೆ ಸಾಮಾನ್ಯವಾಗಿ ಎಲ್ಲವೂ ನಿಧಾನವಾಗಿರುವುದರ ವೇಗಕ್ಕೆ ಇಳಿದು ಓಡುತ್ತವೆ. ಕೆಲವೊಮ್ಮೆ ಕಂಪ್ಯೂಟರ್ ಆನ್ ಆಗದೇ ಇರಬಹುದು. ಹೊಸದನ್ನು ತೆಗೆದರೆ ಮತ್ತೆ ಸರಿಹೋಗುತ್ತದೆ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದೇ ಇಲ್ಲ, ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒತ್ತಿ ತುರುಕಬೇಡಿ. 8 ಜಿಬಿಯ ಜೊತೆ 4 ಜಿಬಿ ಹಾಕಿದರೂ ಅನೇಕ ಯಂತ್ರಗಳಲ್ಲಿ ಎರಡೂ ಕಡೆಯ 4 ಜಿಬಿ ಜೋಡಿಯಾಗಿ ಕೆಲಸ ಮಾಡುತ್ತದೆ, ಉಳಿದ 4 ಜಿಬಿ ಒಂದೇ ಚಾನೆಲ್‌ನಲ್ಲಿ ಓಡುತ್ತದೆ.

ನಿಜವಾದ ಅಪಾಯ ಬೇರೆಯೇ ಇದೆ. ಹೊಂದಾಣಿಕೆಯಾಗದ ರ‍್ಯಾಮ್ ಮೇಲ್ನೋಟಕ್ಕೆ ಸರಿಯಾಗಿ ಓಡುತ್ತಲೇ ಒಳಗೊಳಗೇ ತಪ್ಪು ಮಾಡಬಹುದು. ಆಗ ಸೇವ್ ಮಾಡಿದ ಫೋಟೋ, ಲೆಕ್ಕದ ಕಡತಗಳು ಸದ್ದಿಲ್ಲದೆ ಕೆಡುತ್ತವೆ. ವರ್ಷಗಳ ಫೋಟೋಗಳು ಅದರಲ್ಲಿದ್ದರೆ ರ‍್ಯಾಮ್‌ನ ಬೆಲೆಗಿಂತ ನಷ್ಟವೇ ದೊಡ್ಡದು. ಆದ್ದರಿಂದ ಮೊದಲು ಬ್ಯಾಕಪ್ ಮಾಡಿ. ಹಾಕಿದ ಮೇಲೆ ಮೆಮ್‌ಟೆಸ್ಟ್86 ಅಥವಾ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಹಾಗೇ ಬಳಸಬೇಡಿ.

ಹಣ ಕೊಡುವ ಮೊದಲು ಏನು ನೋಡಬೇಕು?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ಎಷ್ಟು ರ‍್ಯಾಮ್ ಬಳಕೆಯಲ್ಲಿದೆ, ಅದರ ವೇಗ ಎಷ್ಟು, ಎಷ್ಟು ಸ್ಲಾಟ್ ತುಂಬಿವೆ ಎಲ್ಲವೂ ಕಾಣುತ್ತದೆ. ನೀವು ದಿನವೂ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟು ನೋಡಿ. ಬಳಕೆ ಅರ್ಧದಷ್ಟೇ ಇದ್ದರೆ ಹೆಚ್ಚಿನ ರ‍್ಯಾಮ್‌ನಿಂದ ಏನೂ ಬದಲಾಗದು. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಅದೇ ಹಣಕ್ಕೆ ಎಸ್‌ಎಸ್‌ಡಿ ಹಾಕಿಸುವುದು ಮೇಲು. ಬಳಕೆ ಶೇ. 90 ದಾಟುತ್ತಿದ್ದರೆ ಮಾತ್ರ ರ‍್ಯಾಮ್ ನಿಜಕ್ಕೂ ಬೇಕು. ಜಾಗ ಸಾಲದಿದ್ದಾಗ ಕಂಪ್ಯೂಟರ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತದೆ, ಅದು ಬಲು ನಿಧಾನ.

ಎರಡೇ ರ‍್ಯಾಮ್ ಹಾಕುವುದಾದರೆ ಪಕ್ಕಪಕ್ಕದ ಸ್ಲಾಟ್‌ಗೆ ಹಾಕಬೇಡಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಬೋರ್ಡಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಬಿಚ್ಚುವ ಮೊದಲು ವೈರ್ ಕಿತ್ತು, ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆಯಿರಿ. ಹೊಸ ರ‍್ಯಾಮ್ ಹಾಕಿದ ನಂತರ ಡಿಡಿಆರ್5 ಯಂತ್ರ ಮೊದಲ ಬಾರಿ ಆನ್ ಆಗಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಕಪ್ಪಗಿದೆಯೆಂದು ಗಾಬರಿಯಾಗಬೇಡಿ.

ಒಟ್ಟಿನಲ್ಲಿ, ಒಂದಿದ್ದರೆ ಎರಡಾಗಿಸುವುದರಲ್ಲಿ ಲಾಭವಿದೆ. ಎರಡಿದ್ದುದನ್ನು ನಾಲ್ಕಾಗಿಸುವುದು ಜಾಗ ಸಾಲದಿದ್ದಾಗ ಮಾತ್ರ. ಸ್ಲಾಟ್ ಖಾಲಿ ಇದೆ ಎನ್ನುವುದು ಹಣ ಖರ್ಚು ಮಾಡಲು ಕಾರಣವಲ್ಲ.