ಖಾಲಿ ತೋಟಾದ ಆಸೆ

ಹನೂರಿನ ಕಾಡಂಚಿನಲ್ಲಿ ರಾಗಿ ತೆನೆಗಟ್ಟಿತೆಂದರೆ ರೈತನ ಹಾಸಿಗೆ ಹೊಲದ ಅಟ್ಟಣೆಯನ್ನೇರುತ್ತದೆ. ಹಂದಿಯ ಹಿಂಡು ಒಂದೇ ರಾತ್ರಿ ನುಗ್ಗಿದರೂ ಸಾಕು, ವರ್ಷದ ಅನ್ನ ಮಣ್ಣುಪಾಲು. ಆದಕಾರಣ ಕೊಳ್ಳೇಗಾಲ, ಯಳಂದೂರುಗಳ ಕಡೆಯೂ ತಾತನ ಕಾಲದ ಕೋವಿಯನ್ನು ಲೈಸೆನ್ಸಿನೊಡನೆ ಕಾಪಾಡಿಕೊಂಡು ಬಂದ ಮನೆಗಳುಂಟು. ಕೋವಿಯಿದ್ದಲ್ಲಿ ಒಂದು ಆಸೆಯೂ ಹುಟ್ಟುತ್ತದೆ: ಸುಟ್ಟ ತೋಟಾವನ್ನು ಎಸೆಯುವುದೇಕೆ, ಮನೆಯಲ್ಲಿಯೇ ಮತ್ತೆ ತುಂಬಬಾರದೇಕೆ?

ತೋಟಾ ನೋಟಕ್ಕೆ ಸರಳವೇ. ಹಿತ್ತಾಳೆಯ ಬುಡ, ಅದರ ನಡುವೆ ಕೇಪು, ಒಳಗೆ ಮದ್ದು, ಮದ್ದಿನ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ಚರೆ. ಹಿಂದಿನ ಶಿಕಾರಿಗಳು ಹಿತ್ತಾಳೆಯ ತೋಟಾಗಳನ್ನು ಮತ್ತೆ ಮತ್ತೆ ತುಂಬುತ್ತಿದ್ದರು. ಆದರೆ ಅವರ ಮದ್ದು ಕರಿಮದ್ದು. ಇಂದಿನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ತೂಕಕ್ಕೆ ತೂಕ ಹಿಡಿದರೆ ಅದರ ಬಲ ಕರಿಮದ್ದಿಗಿಂತ ಬಹು ಹೆಚ್ಚು. ಬಾಯಿಯಿಂದ ಮದ್ದು ಗಿಡಿಯುವ ನಾಡಬಂದೂಕಿನಲ್ಲಿ ಪಳಗಿದ ಕೈ ಅದೇ ಅಳತೆಯಲ್ಲಿ ಇದನ್ನು ಸುರಿದರೆ, ಸಿಡಿಯುವುದು ತೋಟಾ ಮಾತ್ರವಲ್ಲ, ನಳಿಗೆಯೂ ಹೌದು. ನಳಿಗೆಯನ್ನು ಹಿಡಿದಿರುವುದು ಎಡಗೈ, ಹಿಂಬದಿಯಲ್ಲಿರುವುದು ಕಣ್ಣು.

ಇನ್ನೊಂದು ಮೋಸ ಉದ್ದದಲ್ಲಿದೆ. ತೋಟಾದ ಮೇಲೆ 70 ಮಿಲಿಮೀಟರ್ ಎಂದಿದ್ದರೆ ಅದು ಹಾರಿಸಿದ ಬಳಿಕ, ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹಳೆಯ ಕೋವಿಗಳಲ್ಲಿ ಕೆಲವಕ್ಕೆ 65 ಮಿಲಿಮೀಟರಿನ ಕೋಣೆ. ಮಡಿಚಿದ ತೋಟಾ ಅಲ್ಲಿ ಸಲೀಸಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ‘ಹನ್ನೆರಡು ಬೋರ್’ ಎಂಬ ಹೆಸರು ಕೂಡಿಬಂದರೆ ಸಾಲದು. ಅದು ನಳಿಗೆಯ ಅಗಲವನ್ನಷ್ಟೇ ಹೇಳುತ್ತದೆ: ಆ ಅಗಲದ ಹನ್ನೆರಡು ಸೀಸದ ಗುಂಡುಗಳು ಕೂಡಿ ಒಂದು ಪೌಂಡ್ ತೂಗುತ್ತವೆ.

ಕಾನೂನಿನ ಮಾತೂ ಉಂಟು. ಕೋವಿಯನ್ನು ಇಟ್ಟುಕೊಳ್ಳುವ ಲೈಸೆನ್ಸು ಬೇರೆ, ಮದ್ದುಗುಂಡು ತಯಾರಿಸುವ ಲೈಸೆನ್ಸು ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮು ಎರಡನೆಯದನ್ನು ಕಡ್ಡಾಯಗೊಳಿಸಿದೆ; 2019ರ ತಿದ್ದುಪಡಿಯ ಬಳಿಕ ಅದನ್ನು ಮೀರಿದವರಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆ. ಬೆಳೆಗಾವಲಿಗೆಂದು ಅದೇ ಕಾಯಿದೆ ಹೆಸರಿಸುವುದು ಬಾಯಿಯಿಂದ ತುಂಬುವ ಕೋವಿಯನ್ನು. ಆ ಲೈಸೆನ್ಸು ಕೈಯಲ್ಲಿದ್ದರೂ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಹಂದಿಯನ್ನು ಹೊಡೆಯುವುದು ಅಪರಾಧವೇ.

ಆದುದರಿಂದ ತೋಟಾ ತುಂಬುವ ವಿದ್ಯೆಯ ಮೊದಲ ಪಾಠ ಮದ್ದಿನ ಅಳತೆಯಲ್ಲ. ಅನುಮತಿ ಕೇಳುವುದು, ತಾತನ ಕೋವಿಯನ್ನು ಲೈಸೆನ್ಸುಳ್ಳ ಕೋವಿ ರಿಪೇರಿಯವನಿಗೆ ತೋರಿಸುವುದು, ಅಲ್ಲಿಯವರೆಗೆ ಅಂಗಡಿಯ ತೋಟಾವನ್ನೇ, ಅದೂ ಕೋಣೆಗೆ ಒಪ್ಪುವುದನ್ನೇ ಕೊಳ್ಳುವುದು. ಹಂದಿ ತಿಂದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು. ರಾಗಿ ಮರುವರ್ಷ ಮತ್ತೆ ತೆನೆಗಟ್ಟೀತು. ಹೋದ ಬೆರಳು ಚಿಗುರುವುದಿಲ್ಲ.